ಹಳೇ ಜೀಪಿನ ಮೇಲೆ ಹೊಸ ಭಾರ

(ಸಕಲೇಶಪುರದ ಹತ್ತಿರ, ಹಳೇ ಜೀಪು ಇಟ್ಟುಕೊಂಡಿರುವ ಒಂದಷ್ಟು ಜನ ಸೇರಿದ್ದ ಕಡೆ ಆಡಿದ ಮಾತು ಇದು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿ, ಬಾಯಿಲೆಕ್ಕ ತಪ್ಪಿದ ಕಡೆ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ನಿಂತಿರುವ ಗಾಡಿಗಳನ್ನು ಒಂದು ಸುತ್ತು ಹಾಕಿ ನೋಡಿಕೊಂಡೇ ಒಳಗೆ ಬಂದೆ. 14 ಜೀಪು, 5 ಮಾರುತಿ ಜಿಪ್ಸಿ. ಒಂದು ಜೀಪಿನ ಬಂಪರ್ ನೋಡಿದರೆ ನಮ್ಮ ತೋಟದ ಗೇಟಿಗಿಂತ ಗಟ್ಟಿಯಾಗಿದೆ. ಇನ್ನೊಂದರ ತಲೆ ಮೇಲೆ ಮದುವೆ ಮನೆಗೆ ಹಾಕುವಷ್ಟು ಲೈಟು. ಚೆನ್ನಾಗಿಯೇ ಇವೆ. ನಾನೂ ಇದೆಲ್ಲ ಮಾಡಿದವನೇ. ಮಾಡಿ, ಮುರಿದು, ಮತ್ತೆ ಮಾಡಿಸಿದವನು. ಅದಕ್ಕೇ ಇವತ್ತು ಕರೆದಿದ್ದೀರಿ ಅಂದುಕೊಂಡಿದ್ದೇನೆ.

ನಾನು ಜೀಪು ಕಲಿತದ್ದು ಒಬ್ಬ ಸಾಬ್ರ ಗ್ಯಾರೇಜಿನಲ್ಲಿ. ಅವರು ಈಗಿಲ್ಲ. ಯಾರಾದರೂ ಬಂದು ಇಂಥದ್ದು ಹಾಕಿಕೊಡಿ ಅಂದರೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಹಾಕೋಣ, ಆದ್ರೆ ಭಾರ ಎಲ್ಲಿಗೆ ಹೋಗತ್ತೆ?" ತೂಕದ ಮಾತಷ್ಟೇ ಅಲ್ಲ. ಟಯರ್ ದೊಡ್ಡದು ಮಾಡಿದರೆ ಅದರ ಒತ್ತಡ ಚಕ್ರ ತಿರುಗಿಸುವ ಆಕ್ಸಲ್‌ಗೆ ಹೋಗುತ್ತದೆ. ಆಕ್ಸಲ್ ಗಟ್ಟಿ ಮಾಡಿದರೆ ಅದನ್ನು ತಿರುಗಿಸುವ ಗೇರಾದ ಕ್ರೌನ್ ಪಿನಿಯನ್‌ಗೆ. ಅದನ್ನೂ ಗಟ್ಟಿ ಮಾಡಿದರೆ ಎಂಜಿನ್ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಶಾಫ್ಟಿನ ಕೀಲಿಗೆ, ಅಂದರೆ ಜಾಯಿಂಟ್ ಕ್ರಾಸಿಗೆ. ಎಲ್ಲೋ ಒಂದು ಕಡೆ ಅದು ಹೋಗಿ ಕೂರಲೇಬೇಕು. ನನ್ನ ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತವೇ.

ಮೊದಲು ನಿಮ್ಮ ಗಾಡಿ ಯಾವುದಕ್ಕೆ ಹುಟ್ಟಿದ್ದು ಅಂತ ನೋಡಿ. ಎರಡನೇ ಮಹಾಯುದ್ಧಕ್ಕೆ ಅಮೆರಿಕದವರು ಮಾಡಿದ ವಿಲ್ಲಿಸ್ ಜೀಪು ನಮ್ಮ ಜೀಪುಗಳ ಅಜ್ಜ. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಅದನ್ನು ಇಲ್ಲಿ ಜೋಡಿಸಲು ಶುರು ಮಾಡಿದರು. ಆಮೇಲೆ ಬಂದದ್ದು ಸಿಜೆ 3ಬಿ, ನಾವು ಹೈ ಬಾನೆಟ್ ಅನ್ನುತ್ತೇವಲ್ಲ, ಅದು. ಎಂಜಿನ್ ಎತ್ತರ ಆಯಿತು, ಬಾನೆಟ್ಟೂ ಎತ್ತರ ಆಯಿತು, ಅಷ್ಟೇ ಕತೆ. ಆಮೇಲೆ ಪೂಜೋ ಡೀಸೆಲ್ ಎಂಜಿನ್ ಹೊತ್ತ ಎಂಎಂ 540 ಬಂತು. ಮಲೆನಾಡಿನ ತೋಟಗಳಲ್ಲಿ ಇವತ್ತಿಗೂ ಗೊಬ್ಬರ, ಕಾಫಿ ಮೂಟೆ, ಆಳು, ಕೊನೆಗೆ ಬಾಣಂತಿಯನ್ನೂ ಹೊರುತ್ತಿರುವುದು ಅದೇ. ಜಿಪ್ಸಿ 1985ರಲ್ಲಿ ಬಂತು, ಆಗ 970 ಸಿಸಿ ಎಂಜಿನ್. 1996ರಲ್ಲಿ 1.3 ಲೀಟರ್ ಆಯಿತು. ಒಂದು ಟನ್ ಆಸುಪಾಸಿನ ಹಗುರ ಗಾಡಿ. ಆ ಹಗುರತನವೇ ಅದರ ಬಲ. ಅದಕ್ಕೆ ಇನ್ನೂರು ಕೆಜಿ ಕಬ್ಬಿಣ ಬಿಗಿದ ಮೇಲೆ ಅದನ್ನು ಜಿಪ್ಸಿ ಅಂತ ಯಾಕೆ ಕರೆಯಬೇಕೋ ನನಗೆ ಗೊತ್ತಿಲ್ಲ.

ಈಗ ಒಂದು ಲೆಕ್ಕ. ಹೈ ಬಾನೆಟ್ ಜೀಪಿನ ಮೂರು ಗೇರಿನ ಬಾಕ್ಸಿನಲ್ಲಿ ಮೊದಲ ಗೇರ್ 2.8. ಲೋ ಗೇರ್ ಹಾಕಿದರೆ, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ 2.46. ಹಿಂದಿನ ಕ್ರೌನ್ 5.38. ಮೂರನ್ನೂ ಗುಣಿಸಿದರೆ ಸುಮಾರು 37. ಅಂದರೆ ಎಂಜಿನ್ 37 ಸುತ್ತು ಹಾಕಿದರೆ ಚಕ್ರ ಒಂದು ಸುತ್ತು. ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೆ ಗಂಟೆಗೆ ಎರಡು ಕಿಲೋಮೀಟರ್ ಚಿಲ್ಲರೆ. ಹೊಟ್ಟೆ ತುಂಬ ಉಂಡವನು ನಡೆಯುವುದಕ್ಕಿಂತ ನಿಧಾನ. ಕಲ್ಲಿನ ಮೇಲೆ ಹತ್ತುವಾಗ ಬೇಕಾಗಿರುವುದು ಇದೇ. 60 ಹಾರ್ಸ್‌ಪವರ್ ಅಲ್ಲ, 200 ಹಾರ್ಸ್‌ಪವರ್ ಅಲ್ಲ, ಈ 37.

ಇದಕ್ಕೆ ದೊಡ್ಡ ಟಯರ್ ಹಾಕಿದರೆ ಏನಾಗುತ್ತದೆ? ಕಂಪನಿಯಿಂದ ಬಂದ 6.00-16 ಟಯರ್ ಸುಮಾರು ಇಪ್ಪತ್ತೆಂಟೂವರೆ ಇಂಚು ಎತ್ತರ. 31 ಇಂಚಿನದು ಹಾಕಿದಿರಿ ಅನ್ನಿ. ನಿಮ್ಮ 5.38 ಕ್ರೌನ್ ಇದ್ದಕ್ಕಿದ್ದಂತೆ 4.95ರ ಹಾಗೆ ವರ್ತಿಸುತ್ತದೆ. ಶೇಕಡಾ 8ರಷ್ಟು ಎಳೆತ ಕೈ ಬಿಟ್ಟಿತು. ಸ್ಪೀಡೋಮೀಟರ್ 60 ತೋರಿಸುವಾಗ ನೀವು 65ರಲ್ಲಿ ಇರುತ್ತೀರಿ. ಬ್ರೇಕಿಗೆ ಚಕ್ರ ನಿಲ್ಲಿಸುವುದು ಇನ್ನೂ ಕಷ್ಟ. ಇಷ್ಟೆಲ್ಲ ಕೊಟ್ಟು ಸಿಕ್ಕಿದ್ದು? ಟಯರ್ ಎರಡೂವರೆ ಇಂಚು ಎತ್ತರ ಆದರೆ ಆಕ್ಸಲ್ ಕೆಳಗೆ ಸಿಗುವುದು ಅದರ ಅರ್ಧ, ಒಂದೂಕಾಲು ಇಂಚು.

ಆದರೂ ಆ ಒಂದೂಕಾಲು ಇಂಚಿಗೆ ಬೆಲೆ ಇದೆ. ಯಾಕೆಂದರೆ ಹೌಸಿಂಗ್, ಅಂದರೆ ಆಕ್ಸಲ್ ಮಧ್ಯ ಕ್ರೌನ್ ಕೂತಿರುವ ಗುಂಡು, ನೆಲದಿಂದ ಮೇಲೇಳಬೇಕಾದರೆ ಟಯರ್ ಬಿಟ್ಟು ಬೇರೆ ಸುಲಭದ ದಾರಿ ಇಲ್ಲ. ಇದನ್ನು ತುಂಬಾ ಜನ ಮರೆಯುತ್ತಾರೆ. ಲಿಫ್ಟ್ ಮಾಡಿಸಿದೆ, ನಾಲ್ಕು ಇಂಚು ಎತ್ತಿದೆ ಅನ್ನುತ್ತಾರೆ. ಎತ್ತಿದ್ದು ಬಾಡಿಯನ್ನು. ಹೌಸಿಂಗ್ ಮೊದಲಿದ್ದ ಜಾಗದಲ್ಲೇ ಇದೆ. ಕಲ್ಲಿಗೆ ತಾಗುವುದು ಅದೇ.

ಲಿಫ್ಟಿನ ವಿಷಯ ಬಂದಿತಲ್ಲ, ನನ್ನ ಮೂರ್ಖತನ ಹೇಳಿಬಿಡುತ್ತೇನೆ. ವಿಲ್ಲಿಸ್ ಜಾತಿಯ ಜೀಪು, ಜಿಪ್ಸಿ ಎರಡರಲ್ಲೂ ಬ್ಲೇಡ್ ಸೆಟ್ಟು, ಅಂದರೆ ಸ್ಪ್ರಿಂಗ್ ಪಟ್ಟಿಗಳು, ಆಕ್ಸಲ್ಲಿನ ಕೆಳಗೆ ಕೂತಿರುತ್ತದೆ. ಅದನ್ನು ಎತ್ತಿ ಆಕ್ಸಲ್ಲಿನ ಮೇಲೆ ಕೂರಿಸಿದರೆ ಜಿಪ್ಸಿ ಒಂದೇ ಏಟಿಗೆ ಐದು ಇಂಚು ಎದ್ದು ನಿಲ್ಲುತ್ತದೆ. ಖರ್ಚು ಕಮ್ಮಿ, ನೋಟ ಜಾಸ್ತಿ. ನಾನೂ ಒಂದು ಜಿಪ್ಸಿಗೆ ಮಾಡಿಸಿದೆ. ಸಾಬ್ರ ಹತ್ತಿರ ಅಲ್ಲ, ಅವರು ಬೈಯುತ್ತಾರೆ ಅಂತ ದೂರದ ಊರಿನ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿ ಬ್ಲೇಡ್ ಮೇಲೆ ಕೂರಿಸಿದರು, ಬಾಕಿ ಎಲ್ಲ ಹಾಗೇ ಬಿಟ್ಟರು. ಸ್ಟಿಯರಿಂಗ್ ರಾಡು ಮೊದಲು ಹೆಚ್ಚುಕಮ್ಮಿ ನೆಲಕ್ಕೆ ಸಮವಾಗಿ ಇದ್ದದ್ದು ಈಗ ಏಣಿ ಒರಗಿಸಿದ ಹಾಗೆ ಇಳಿಜಾರಾಗಿತ್ತು. ಗುಂಡಿಗೆ ಚಕ್ರ ಬಿದ್ದಾಗಲೆಲ್ಲ ಸ್ಟಿಯರಿಂಗ್ ತಾನೇ ತಿರುಗಿಕೊಳ್ಳುತ್ತಿತ್ತು. ಬ್ರೇಕಿನ ರಬ್ಬರ್ ಪೈಪು ಬಿಗಿದ ತಂತಿಯಂತೆ ಎಳೆದು ನಿಂತಿತ್ತು. ಜಾಯಿಂಟ್ ಶಾಫ್ಟಿನ ಕ್ರಾಸು ಅದು ಹುಟ್ಟಿನಲ್ಲಿ ಕಾಣದ ಕೋನದಲ್ಲಿ ತಿರುಗುತ್ತಿತ್ತು.

ಮೂರನೇ ವಾರ ಒಂದು ಹಳ್ಳದ ಏರಿನಲ್ಲಿ ಮುಂದಿನ ಆಕ್ಸಲ್ ಪೂರ್ತಿ ಕೆಳಗಿಳಿಯಿತು. ಮುಂದಿನ ಶಾಫ್ಟ್ ಸ್ಲೀವಿನಿಂದ ಈಚೆ ಬಂದು ನೆಲಕ್ಕೆ ಬಡಿಯಿತು. ಅದೃಷ್ಟಕ್ಕೆ ಕಳಚಿದ್ದು ನಿಧಾನಕ್ಕೆ ಹತ್ತುವಾಗ. ಟಾರು ರಸ್ತೆಯಲ್ಲಿ ಓಡುವಾಗ ಮುಂದಿನ ಶಾಫ್ಟ್ ಕಳಚಿ ನೆಲಕ್ಕೆ ಚುಚ್ಚಿಕೊಂಡರೆ ಗಾಡಿ ಕೋಲು ಊರಿ ಹಾರಿದ ಹಾಗೆ ಹಾರಬಹುದು. ಅವತ್ತು ನಡೆದುಕೊಂಡು ಮನೆಗೆ ಬಂದೆ. ಸಾಬ್ರು ಏನೂ ಬೈಯಲಿಲ್ಲ. ಟೀ ತರಿಸಿದರು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಹಾಗಂತ ಲಿಫ್ಟ್ ಮಾಡಲೇಬಾರದಾ? ಮಾಡಬಹುದು. ಎರಡು ಇಂಚಿನೊಳಗೆ ಇದ್ದರೆ ಬದುಕಬಹುದು. ಅದಕ್ಕಿಂತ ಜಾಸ್ತಿ ಆದರೆ ಶಾಫ್ಟ್ ಉದ್ದ, ಬ್ರೇಕ್ ಪೈಪು, ಸ್ಟಿಯರಿಂಗ್ ರಾಡಿನ ಕೋನ, ಶಾಕ್ ಅಬ್ಸಾರ್ಬರ್ ಉದ್ದ, ಎಲ್ಲದಕ್ಕೂ ಒಟ್ಟಿಗೇ ದುಡ್ಡು ಇಟ್ಟುಕೊಂಡು ಇಳಿಯಿರಿ. ಅರ್ಧ ಮಾಡಿ ಬಾಕಿದು ದಸರಾ ಆದಮೇಲೆ ಮಾಡಿಸೋಣ ಅನ್ನುವ ಕೆಲಸ ಅಲ್ಲ ಅದು.

ನನ್ನ ಪ್ರಕಾರ ನಮ್ಮ ಕಡೆಯ ಹಳೇ ಜೀಪುಗಳಿಗೆ ಬ್ಲೇಡ್ ಸೇರಿಸುವುದಕ್ಕಿಂತ ತೆಗೆಯುವುದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಯಾಕೆ ಅಂದರೆ, ಇವೆಲ್ಲ ತೋಟದಿಂದ ಬಂದ ಗಾಡಿಗಳು. ಕಾಫಿ ಮೂಟೆ ಹೊರಲಿ ಅಂತ ಯಾವ ಕಾಲದಲ್ಲೋ ಯಾರೋ ಹಿಂದೆ ಎರಡು ಬ್ಲೇಡ್ ಜಾಸ್ತಿ ಹಾಕಿಸಿರುತ್ತಾರೆ. ಖಾಲಿ ಓಡಿಸಿದರೆ ಎತ್ತಿನಗಾಡಿಯೇ ವಾಸಿ. ಅಷ್ಟು ಬಿಗಿ ಇದ್ದರೆ ತಗ್ಗು ಬಂದಾಗ ಚಕ್ರ ಕೆಳಗಿಳಿಯುವುದಿಲ್ಲ, ಗಾಳಿಯಲ್ಲಿ ನೇತಾಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ನೇತಾಡಿತೋ, ಅಲ್ಲಿಗೆ ನಿಮ್ಮ ಫೋರ್ ವೀಲ್ ಅರ್ಧ ಮುಗಿಯಿತು.

ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಹೌಸಿಂಗಿನೊಳಗಿನ ಗೇರುಗಳ ಗುಂಪಾದ ಡಿಫರೆನ್ಷಿಯಲ್ ತನ್ನ ಎರಡೂ ಚಕ್ರಕ್ಕೆ ಒಂದೇ ಸಮ ಬಲ ಹಂಚುತ್ತದೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಗಾಳಿಯಲ್ಲಿರುವ ಚಕ್ರ ತಿರುಗಲು ಬಲವೇ ಬೇಕಿಲ್ಲ. ಹಾಗಾಗಿ ನೆಲ ಹಿಡಿದಿರುವ ಚಕ್ರಕ್ಕೂ ಏನೂ ಸಿಗುವುದಿಲ್ಲ. ಹಂಚುವವನು ನ್ಯಾಯವಂತನೇ, ನಷ್ಟ ಆಗುವುದು ದುಡಿಯುವ ಮಗನಿಗೆ. ಮುಂದೆ ಒಂದು, ಹಿಂದೆ ಒಂದು ಚಕ್ರ ಹೀಗೆ ಜಾರಿದರೆ ನಾಲ್ಕು ಚಕ್ರದ ಗಾಡಿ ಎಲ್ಲಿಗೂ ಹೋಗುವುದಿಲ್ಲ.

ಇದಕ್ಕೆ ಔಷಧಿ ಅಂದರೆ ಲಾಕರ್. ಎರಡೂ ಚಕ್ರವನ್ನು ಒಂದಾಗಿ ಕಟ್ಟಿಹಾಕುತ್ತದೆ. ಗಾಳಿಯ ಒತ್ತಡದಿಂದ ಕೆಲಸ ಮಾಡುವುದಿದೆ, ತಾನೇ ಹಿಡಿದು ಬಿಡುವುದಿದೆ. ದುಡ್ಡು ಉಳಿಸಲು ಕೆಲವರು ಡಿಫರೆನ್ಷಿಯಲ್ ಒಳಗಿನ ಚಿಕ್ಕ ಗೇರುಗಳನ್ನು ವೆಲ್ಡ್ ಮಾಡಿಸಿಬಿಡುತ್ತಾರೆ. ಕೆಸರಿನ ಆಟಕ್ಕೆ ಮಾತ್ರ ಇಟ್ಟ ಗಾಡಿಗೆ ಅದು ಸರಿ. ಅದೇ ಗಾಡಿಯಲ್ಲಿ ಶಿರಾಡಿ ಘಾಟಿ ಇಳಿಯುವವರಿಗೆ ನಾನು ಕೈ ಮುಗಿಯುತ್ತೇನೆ. ತಿರುವಿನಲ್ಲಿ ಒಳಗಿನ ಚಕ್ರ, ಹೊರಗಿನ ಚಕ್ರ ಎರಡೂ ಒಂದೇ ವೇಗದಲ್ಲಿ ಸುತ್ತಬೇಕು ಅಂತ ಹಟ ಮಾಡಿದರೆ ಟಯರ್ ಉಜ್ಜುತ್ತದೆ, ಮಳೆಯಲ್ಲಿ ಹಿಂಭಾಗ ಜಾರುತ್ತದೆ. ಮತ್ತೆ ಸಾಬ್ರ ಪ್ರಶ್ನೆ: ಭಾರ ಎಲ್ಲಿಗೆ? ಎಡದ, ಬಲದ ಎರಡು ಆಕ್ಸಲ್ ಹಂಚಿಕೊಳ್ಳುತ್ತಿದ್ದ ಬಲ ಲಾಕರ್ ಹಾಕಿದ ಮೇಲೆ ಕೆಲವು ಸಲ ಒಂದೇ ಆಕ್ಸಲ್ ಮೇಲೆ ಬೀಳುತ್ತದೆ. ಹಳೇ ಆಕ್ಸಲ್, ದೊಡ್ಡ ಟಯರ್, ಲಾಕರ್ ಮೂರೂ ಸೇರಿದರೆ "ಟಕ್" ಅನ್ನುವ ಶಬ್ದ ಕೇಳಲು ಕಾಯುತ್ತಾ ಇರಬಹುದು.

ಲಾಕರ್ ಇಲ್ಲದವರಿಗೆ ಒಂದು ಪುಕ್ಕಟೆ ಉಪಾಯ. ಚಕ್ರ ಜಾರುತ್ತಿರುವಾಗ ಆಕ್ಸಿಲರೇಟರ್ ಸ್ವಲ್ಪ ಹಿಡಿದುಕೊಂಡು ಬ್ರೇಕ್ ಮೆಲ್ಲಗೆ ಒತ್ತಿ. ಜಾರುವ ಚಕ್ರಕ್ಕೆ ತಡೆ ಸಿಕ್ಕಿತು, ಅಷ್ಟೇ ಬಲ ಇನ್ನೊಂದಕ್ಕೂ ಹೋಯಿತು. ಯಾವಾಗಲೂ ಆಗುವುದಿಲ್ಲ, ಹತ್ತರಲ್ಲಿ ಮೂರ್ನಾಲ್ಕು ಸಲ ಆಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಇದನ್ನು ಮಾಡಲು ಹೋಗಬೇಡಿ. ವಿಲ್ಲಿಸ್ ಮಾದರಿಯ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಿ ಅಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನಲ್ಲಿ. ಇನ್ನೊಂದು ವಿಷಯವೂ ಇದರಿಂದಲೇ: ಇಂಥ ಜೀಪಿನ ಹಿಂದಿನ ಒಂದು ಚಕ್ರ ಜಾಕಿ ಕೊಟ್ಟು ಎತ್ತಿದರೆ ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತದೆ. ಶಾಫ್ಟ್ ನಿಂತಿರುತ್ತದೆ, ಡಿಫರೆನ್ಷಿಯಲ್ ಒಳಗೇ ಚಕ್ರಗಳು ಒಂದು ಮುಂದೆ ಒಂದು ಹಿಂದೆ ತಿರುಗಿಕೊಳ್ಳುತ್ತವೆ. ಕಲ್ಲು ಇಡದೆ ಜಾಕಿ ಕೊಡಬೇಡಿ.

ಟಯರ್ ಬಗ್ಗೆ ಇನ್ನೂ ಒಂದು ಮಾತು, ಇದಕ್ಕೆ ನೀವು ಜಗಳ ಆಡಬಹುದು. ಕೊಡಚಾದ್ರಿಗೆ, ಮಾಂದಲ್‌ಪಟ್ಟಿಗೆ, ಕ್ಯಾತನಮಕ್ಕಿಗೆ ಬಾಡಿಗೆ ಓಡಿಸುವ ಜೀಪುಗಳನ್ನು ನೋಡಿದ್ದೀರಲ್ಲ. ಅವುಗಳಿಗೆ ಅಗಲದ ಟಯರ್ ಇರುವುದು ಕಮ್ಮಿ. ಸಣ್ಣ, ಅಂದರೆ ಅಗಲ ಕಮ್ಮಿ ಇರುವ ಟಯರ್, ಮಳೆ ಜೋರಾದರೆ ಅದಕ್ಕೊಂದು ಕಬ್ಬಿಣದ ಚೈನು. ಆ ಡ್ರೈವರುಗಳಿಗೆ ಗಾಡಿ ಅಂದರೆ ಅವತ್ತಿನ ಅಕ್ಕಿ. ಶೋಕಿಗೆ ಜಾಗ ಇಲ್ಲ. ಸಣ್ಣ ಟಯರ್ ಯಾಕೆ ಕೆಲಸ ಮಾಡುತ್ತದೆ ಅಂದರೆ, ನಮ್ಮ ಕಡೆ ಬಹಳ ಕಡೆ ಕೆಸರು ಮೇಲೆ ಅರ್ಧ ಅಡಿ, ಕೆಳಗೆ ಗಟ್ಟಿ ಜಂಬಿಟ್ಟಿಗೆ ಅಥವಾ ಕಲ್ಲು. ಸಣ್ಣ ಟಯರ್ ಕೆಸರು ಸೀಳಿಕೊಂಡು ಕೆಳಗಿನ ಗಟ್ಟಿ ಹಿಡಿಯುತ್ತದೆ. ಅಗಲದ ಟಯರ್ ಕೆಸರಿನ ಮೇಲೆ ದೋಣಿ ಹಾಗೆ ತೇಲಿ, ಹೋಗಬೇಕಾದ ಕಡೆ ಬಿಟ್ಟು ಚರಂಡಿಗೆ ಹೋಗುತ್ತದೆ. ಮರಳಿಗೆ, ತಳವೇ ಸಿಗದ ಗದ್ದೆ ಕೆಸರಿಗೆ ಅಗಲವೇ ಬೇಕು. ನೀವು ಎಲ್ಲಿ ಓಡಿಸುತ್ತೀರಿ ಅನ್ನುವುದನ್ನು ಬಿಟ್ಟು ಟಯರ್ ಆರಿಸಲು ಆಗುವುದಿಲ್ಲ. ಚೈನಿನ ಬಗ್ಗೆ ಒಂದೇ ಎಚ್ಚರ: ಟಾರು ಬಂದ ತಕ್ಷಣ ಬಿಚ್ಚಿ. ರಸ್ತೆಯೂ ಹಾಳು, ತುಂಡಾದ ಚೈನು ಬ್ರೇಕ್ ಪೈಪನ್ನೂ ಕತ್ತರಿಸುತ್ತದೆ.

ಗಾಳಿ ಇಳಿಸುವುದು ಎಲ್ಲದಕ್ಕಿಂತ ಅಗ್ಗದ ಮಾಡಿಫಿಕೇಶನ್. 30 ಪಿಎಸ್‌ಐ ಇದ್ದದ್ದನ್ನು 18ಕ್ಕೆ ತಂದರೆ ಅದೇ ಟಯರ್ ಬೇರೆಯೇ ಆಗುತ್ತದೆ. ಕಲ್ಲಿಗೆ ಅಪ್ಪಿಕೊಳ್ಳುತ್ತದೆ, ನೆಲ ಹಿಡಿಯುವ ಜಾಗ ಉದ್ದವಾಗುತ್ತದೆ. ಆದರೆ ನಿಮ್ಮದು ಟ್ಯೂಬ್ ಹಾಕುವ ಹಳೇ ಟಯರ್ ಆದರೆ ತುಂಬಾ ಇಳಿಸಬೇಡಿ. ಗಾಳಿ ಕಮ್ಮಿ ಇದ್ದಾಗ ಟಯರ್ ರಿಮ್ಮಿನ ಮೇಲೆ ಜಾರುತ್ತದೆ, ಒಳಗಿನ ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ, ವಾಲ್ವ್ ಬುಡದಲ್ಲೇ ಕಿತ್ತು ಬರುತ್ತದೆ. ಅದಕ್ಕೆ ಪಂಕ್ಚರ್ ಹಾಕಲು ಬರುವುದಿಲ್ಲ. ಗಾಳಿ ಇಳಿಸುವವರು ಮತ್ತೆ ತುಂಬಲು ಒಂದು ಕಂಪ್ರೆಸರ್ ಜೊತೆಗೆ ಇಟ್ಟುಕೊಳ್ಳಿ. ಇಳಿಸಿದ ಗಾಳಿಯಲ್ಲೇ ಹೈವೇ ಓಡಿಸಿ ಟಯರ್ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಈಗ ವಿಂಚ್, ಅಂದರೆ ಬಂಪರಿನಲ್ಲಿ ಕೂತು ಹಗ್ಗ ಸುತ್ತಿ ಗಾಡಿ ಎಳೆಯುವ ಮೋಟಾರು. ಎಲ್ಲರಿಗೂ ಆಸೆ ಇರುವುದು ಇದರ ಮೇಲೆ. ಜನ, ಸಾಮಾನು ಎಲ್ಲ ಸೇರಿ 1,800 ಕೆಜಿ ತೂಗುವ ಜೀಪಿಗೆ ಅದರ ಒಂದೂವರೆ ಪಟ್ಟು, ಅಂದರೆ 2,700 ಕೆಜಿ ಎಳೆಯುವ ವಿಂಚ್ ಬೇಕು. ಅದು ಸುಮಾರು 6,000 ಪೌಂಡ್. ಡಬ್ಬದ ಮೇಲೆ ಬರೆದಿರುವ ಎಳೆತ ಡ್ರಮ್ಮಿನ ಮೊದಲ ಪದರದಲ್ಲಿ ಸಿಗುವಂಥದ್ದು. ಹಗ್ಗ ಡ್ರಮ್ಮಿನ ಮೇಲೆ ಪದರ ಪದರ ಸುತ್ತಿಕೊಂಡ ಹಾಗೆಲ್ಲ ಬಲ ಕಮ್ಮಿ ಆಗುತ್ತದೆ. ಅದಕ್ಕೇ ಹತ್ತಿರದ ಮರಕ್ಕಿಂತ ದೂರದ ಮರ ಒಳ್ಳೆಯದು. ಒಂದು ರಾಟೆ ಇದ್ದರೆ ಹಗ್ಗ ಮಡಿಸಿ ಎಳೆತ ದುಪ್ಪಟ್ಟು ಮಾಡಿಕೊಳ್ಳಬಹುದು. ಬಾವಿಯಿಂದ ನೀರು ಸೇದಿದವರಿಗೆ ರಾಟೆ ಏನು ಅಂತ ಹೇಳಬೇಕಾಗಿಲ್ಲ.

ಭಾರ ಎಲ್ಲಿಗೆ ಹೋಯಿತು? ವಿಂಚ್ 30-40 ಕೆಜಿ. ಅದನ್ನು ಹಿಡಿಯಲು ಬಂಪರ್ ಇನ್ನೊಂದಷ್ಟು. ಎರಡೂ ಮುಂದಿನ ಆಕ್ಸಲ್ಲಿಗಿಂತ ಮುಂದೆ ನೇತಾಡುತ್ತವೆ. ಮುಂದಿನ ಬ್ಲೇಡ್ ಕುಸಿಯುತ್ತದೆ. ಪೂರ್ತಿ ಎಳೆತದಲ್ಲಿ ವಿಂಚ್ 400 ಆಂಪಿಯರ್ ಹತ್ತಿರ ಕುಡಿಯುತ್ತದೆ. ನಿಮ್ಮ ಹಳೇ ಆಲ್ಟರ್ನೇಟರ್ ಕೊಡುವುದು ಅದರ ಹತ್ತರಲ್ಲಿ ಒಂದು ಪಾಲು ಇದ್ದರೆ ದೊಡ್ಡದು. ಬಾಕಿ ಎಲ್ಲ ಬ್ಯಾಟರಿಯಿಂದ. ಎಂಜಿನ್ ಓಡುತ್ತಿರಲಿ, ಸ್ವಲ್ಪ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ.

ಒಂದು ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಬಿಗಿಯಾದ ಕಬ್ಬಿಣದ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ಅದರ ಮೇಲೆ ದಾಟಬಾರದು. ಹಗ್ಗದ ಮಧ್ಯಕ್ಕೆ ದಪ್ಪ ಕಂಬಳಿಯೋ ಒದ್ದೆ ಗೋಣಿಚೀಲವೋ ಹಾಕಿ. ಇನ್ನೊಂದು ಗಾಡಿ ಎಳೆಯುವಾಗ ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ ಹಗ್ಗ ಹಾಕಲೇಬೇಡಿ. ಅದು ಆ ಜಗ್ಗಾಟಕ್ಕೆ ಮಾಡಿದ್ದಲ್ಲ. ಕಿತ್ತು ಬಂದರೆ ಗುಂಡು ಹಾರಿದ ಹಾಗೆಯೇ. ಜನ ಸತ್ತಿದ್ದಾರೆ.

ನೀರಿನ ವಿಷಯ. ಹಳೇ ಪೆಟ್ರೋಲ್ ಜಿಪ್ಸಿ ನೀರಿಗಿಳಿದರೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ನಿಂತುಬಿಡುತ್ತದೆ. ನಿಮಗೆ ಬೇಜಾರು, ಎಂಜಿನ್‌ಗೆ ಒಳ್ಳೆಯದು. ಹಳೇ ಡೀಸೆಲ್ ಒಮ್ಮೆ ಸ್ಟಾರ್ಟ್ ಆದರೆ ಕರೆಂಟ್ ಕೇಳುವುದಿಲ್ಲ, ಧೈರ್ಯವಾಗಿ ನುಗ್ಗುತ್ತದೆ, ಏರ್ ಕ್ಲೀನರ್ ಬಾಯಿಗೆ ನೀರು ಬರುವವರೆಗೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುತ್ತದೆ, ನೀರು ಜಾಗ ಬಿಡುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅಲ್ಲಿಗೆ ಎಂಜಿನ್ ಬಿಚ್ಚುವ ಕೆಲಸ.

ಸ್ನಾರ್ಕೆಲ್, ಅಂದರೆ ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಕೊಳವೆ, ಹಾಕಿಸಿದವರು ಇವತ್ತೇ ಒಂದು ಪರೀಕ್ಷೆ ಮಾಡಿ. ಎಂಜಿನ್ ಐಡಲ್‌ನಲ್ಲಿ ಬಿಟ್ಟು ಸ್ನಾರ್ಕೆಲ್ ಬಾಯಿಯನ್ನು ಅಂಗೈಯಿಂದ ಮುಚ್ಚಿ. ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲಲಿಲ್ಲ ಅಂದರೆ ಕೆಳಗೆ ಎಲ್ಲೋ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ. ಗಾಳಿ ಎಳೆಯುವ ಕಡೆ ನೀರೂ ಎಳೆಯುತ್ತದೆ. ನಿಮ್ಮದು ಸುಮ್ನೆ ಅಲಂಕಾರ.

ಸ್ನಾರ್ಕೆಲ್‌ಗಿಂತ ಮೊದಲು ಮಾಡಬೇಕಾದ್ದು ಹೌಸಿಂಗ್ ಉಸಿರಾಡುವ ತೂತಿಗೆ, ಅಂದರೆ ಬ್ರೀದರಿಗೆ, ಪೈಪು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಹಳೇ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಬಿಚ್ಚಿದರೆ ಹಾಲು ಹಾಕಿದ ಕಾಫಿ ಬಣ್ಣ. ಆಯಿಲ್‌ಗೆ ತಡೆಯುವ ರಬ್ಬರ್ ಪೈಪು ಎರಡು ಮೀಟರ್ ತಂದು ಬ್ರೀದರ್‌ಗೆ ಸಿಕ್ಕಿಸಿ ಮೇಲೆ ಬಾಡಿಗೆ ಕಟ್ಟಿದರೆ ಮುಗಿಯಿತು. ಇಷ್ಟು ಕಮ್ಮಿ ದುಡ್ಡಿನಲ್ಲಿ ಇಷ್ಟು ಲಾಭ ಇನ್ನೊಂದರಲ್ಲಿ ಇಲ್ಲ. ಮತ್ತೆ, ಹರಿಯುವ ಹಳ್ಳಕ್ಕೆ ಸ್ನಾರ್ಕೆಲ್ ಉತ್ತರ ಅಲ್ಲ. ನೀರು ಪಕ್ಕದಿಂದ ತಳ್ಳುತ್ತದೆ. ಇಳಿದು ನಡೆದು ನೋಡಲು ಭಯ ಆಗುವ ಹಳ್ಳಕ್ಕೆ ಗಾಡಿ ಇಳಿಸಬೇಡಿ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ, ನಿಮಗೆ ಇಷ್ಟ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಬುಲ್ ಬಾರ್, ಅಂದರೆ ಬಂಪರಿನ ಮುಂದಿನ ಕಬ್ಬಿಣದ ಕಂಬಿ, ಹಾಕುವುದರ ವಿರುದ್ಧ 2017ರ ಕೊನೆಯಲ್ಲೇ ಕೇಂದ್ರದಿಂದ ಸೂಚನೆ ಬಂದಿತ್ತು. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗುತ್ತದಲ್ಲ, ಸಿಕ್ಕಿಬೀಳುವುದು ಆವಾಗ. ಎಂಜಿನ್ ಬದಲಾಯಿಸುವವರು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಮೊದಲು ಹುಡುಕುವುದು ಇಂಥದ್ದನ್ನೇ. ಕಾಡಿನೊಳಗೆ ಅನುಮತಿ ಇಲ್ಲದೆ ನುಗ್ಗುವ ವಿಷಯ ನಾನು ಹೇಳಬೇಕಾಗಿಲ್ಲ. ನಿಮ್ಮದೇ ತೋಟದಲ್ಲಿ ಬೇಕಾದಷ್ಟು ಕೆಸರು ಇದೆ.

ಇಷ್ಟು ಹೇಳಿ ಕೂತೆ. ಪ್ರಶ್ನೆಗಳು ಬಂದವು. ಪವರ್ ಸ್ಟಿಯರಿಂಗ್ ಹಾಕಿಸಬಹುದಾ ಅಂತ ಒಬ್ಬರು ಕೇಳಿದರು. ಹಾಕಿಸಿ, ವಯಸ್ಸಾದ ಮೇಲೆ ಭುಜ ಥ್ಯಾಂಕ್ಸ್ ಹೇಳುತ್ತದೆ, ಆದರೆ ಸ್ಟಿಯರಿಂಗ್ ಬಾಕ್ಸ್ ಕೂರುವ ಕಡೆ ಚಾಸಿಗೆ ಪ್ಲೇಟ್ ಕೊಡಿಸಿ, ಇಲ್ಲದಿದ್ದರೆ ಅಲ್ಲೇ ಸೀಳು ಬಿಡುತ್ತದೆ ಅಂದೆ. ಬೊಲೆರೊ ಡಿಸ್ಕ್ ಬ್ರೇಕ್ ಹಳೇ ಜೀಪಿಗೆ ಹಾಕುವ ಬಗ್ಗೆ ಒಂದಷ್ಟು ಮಾತಾಯಿತು. ನಾನು ಅದರ ಪರ.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದ. "ಅಣ್ಣಾ, ಮೊನ್ನೆ ತಾನೇ ಒಂದು 540 ತಗೊಂಡೆ. ಕೈಯಲ್ಲಿ 50 ಸಾವಿರ ಉಳಿದಿದೆ. ಏನ್ ಹಾಕಿಸ್ಲಿ? ವಿಂಚ್ ಬರಲ್ವಾ?"

"ಬ್ರೇಕ್ ಹೇಗಿದೆ?"

"ಎರಡು ಪಂಪ್ ಹೊಡೆದ್ರೆ ಹಿಡಿಯುತ್ತೆ ಅಣ್ಣಾ."

ಎಲ್ಲರೂ ನಕ್ಕರು. ಹೊರಗೆ ಹೋಗಿ ಅವನ ಜೀಪಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದೆವು. ಮುಂದಿನ ಎಡ ಚಕ್ರದ ಒಳಮೈ ಪೂರ್ತಿ ಬ್ರೇಕ್ ಆಯಿಲ್ ಇಳಿದು ಒದ್ದೆಯಾಗಿತ್ತು. ಬ್ಲೇಡಿನ ಬುಷ್ ಸವೆದು ಬೋಲ್ಟ್ ತನಗಾಗಿ ಹೊಸ ತೂತು ಮಾಡಿಕೊಂಡಿತ್ತು. ಹುಡುಗ ಮೊಬೈಲಿನಲ್ಲಿ ಒಂದೊಂದೇ ಬರೆದುಕೊಳ್ಳುತ್ತಾ ಹೋದ. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್, ಪೈಪು, ಬುಷ್, ಹಬ್ ಸೀಲ್, ಕ್ರಾಸು. ಹನ್ನೊಂದನೆಯದಕ್ಕೆ ಬರುವಾಗ ಕೇಳಿದ, "ಅಣ್ಣಾ, ಬ್ರೀದರ್ ಪೈಪ್ ಎರಡು ಮೀಟರ್ ಅಂದ್ರಲ್ವಾ?"